ಕಣಜ ಕಚ್ಚಿದ್ದು ಬಲಗಣ್ಣಿಗೆ

ಬದಿಯಡ್ಕ ಕಡೆಯ ಅಜ್ಜ ಒಬ್ಬರು ಬಂದಿದ್ದರು. ಅಡಿಕೆ ತೋಟದಲ್ಲಿ ಕಣಜ ಕಚ್ಚಿ ಬಲಗಣ್ಣು ಊದಿ ಮುಚ್ಚಿಕೊಂಡಿತ್ತು. ಎಡಗಣ್ಣಲ್ಲಿ ನೋಡಿದರೆ ಕಂಗುಗಳೆಲ್ಲ ನಡುವಲ್ಲಿ ಸೊಟ್ಟ, ಮಗನ ಮುಖ ಇರಬೇಕಾದಲ್ಲಿ ಕಪ್ಪು. "ಕಚ್ಚಿದ್ದು ಬಲಕ್ಕೆ, ಹೋದದ್ದು ಎಡದ್ದು. ಇದೆಂಥ ವಿಷ ಡಾಕ್ಟ್ರೇ?"

ವಿಷವಲ್ಲ. ಕಣ್ಣಿನ ಹಿಂಪರದೆ ರೆಟಿನಾ, ಅದರಲ್ಲಿ ನಡುನೋಟ ಕೊಡುವ ಜಾಗ ಮ್ಯಾಕ್ಯುಲಾ. ಎಡಗಣ್ಣಿನ ಮ್ಯಾಕ್ಯುಲಾದ ಅಡಿಯಲ್ಲಿ ಬೇಡದ ರಕ್ತನಾಳ ಬೆಳೆದು, ಸೋರಿ, ಕಲೆ ಕಟ್ಟಿತ್ತು. ವಯಸ್ಸಾದಂತೆ ಮ್ಯಾಕ್ಯುಲಾ ಸವೆಯುವ ಕಾಯಿಲೆ ಇದು, ಎಎಂಡಿ ಅನ್ನುತ್ತೇವೆ. ತಿಂಗಳುಗಟ್ಟಲೆ ನಡೆದ ಕೆಲಸ. ಇವರಿಗೆ ಗೊತ್ತೇ ಆಗಿರಲಿಲ್ಲ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯದು ಕೆಟ್ಟದ್ದರ ಕೆಲಸವನ್ನೂ ಮಾಡಿಬಿಡುತ್ತದೆ. ಮನೆಯಲ್ಲಿ ಒಬ್ಬ ದುಡಿದರೆ ಇನ್ನೊಬ್ಬ ಮಲಗಿದ್ದು ಕಾಣುವುದಿಲ್ಲ, ಅಲ್ವಾ?

"ಪೇಪರ್ ಓದ್ತೇನೆ, ಅಡಿಕೆ ಸುಲೀತೇನೆ, ನನಗೇನಾಗಿದೆ" ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ: ಯಾವ ಕಣ್ಣಲ್ಲಿ?

ಇನ್ನು ಕೆಲವರಿಗೆ ಗೊತ್ತಾಗಿರುತ್ತದೆ, ಆದರೂ ಕೂತಿರುತ್ತಾರೆ. "ಪೊರೆ ಇರಬೇಕು, ಹಣ್ಣಾಗಲಿ." "ಕೊಯ್ಲು ಮುಗೀಲಿ, ಮಗ ರಜೆಯಲ್ಲಿ ಬಂದಾಗ ಮಂಗಳೂರಿಗೆ ಹೋಗುವಾ." ಪೊರೆ ಸಾಮಾನ್ಯವಾಗಿ ಕಾಯುತ್ತದೆ ಮಾರಾಯ್ರೇ, ಇದು ಕಾಯುವುದಿಲ್ಲ. ಪೊರೆಯಲ್ಲಿ ಮಂಜು ಮಂಜು. ಇದರಲ್ಲಿ ನೇರ ಗೆರೆ ಸೊಟ್ಟ. ಸೊಟ್ಟ ಕಂಡದ್ದೆಲ್ಲ ಇದೇ ಅಂತ ನಾನು ಹೇಳುವುದಿಲ್ಲ, ಬೇರೆ ಕಾರಣಗಳೂ ಇವೆ. ಆದರೆ ಅದೇ ವಾರ ರೆಟಿನಾ ನೋಡುವವರ ಹತ್ತಿರ ಹೋಗಿ, ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಆಗಲಿ.

ಎಎಂಡಿ ಬಂದವರಲ್ಲಿ ಹತ್ತಕ್ಕೆ ಒಂದೆರಡು ಜನರಿಗೆ ಮಾತ್ರ ಈ ಸೋರುವ ಜಾತಿ. ನೋಟವನ್ನು ಬೇಗ ಕಸಿಯುವುದು ಅದೇ. ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಸೋರಿಕೆ ತಡೆಯುತ್ತದೆ, ಕಟ್ಟಿದ ಕಲೆಯನ್ನು ಅಳಿಸುವುದಿಲ್ಲ. ಬರುವಾಗ ಎಷ್ಟು ನೋಟ ತಂದಿರಿ ಎನ್ನುವುದರ ಮೇಲೆಯೇ ಉಳಿಯುವುದು ಎಷ್ಟು ಎನ್ನುವುದು ಹೆಚ್ಚಾಗಿ ನಿಂತಿದೆ. ವಯಸ್ಸು ನಮ್ಮ ಕೈಯಲ್ಲಿಲ್ಲ. ಬೀಡಿ ಇದೆ, ಬಿಡಿ.

ಎರಡನೇ ಕಣ್ಣಿಗೆ ಬಂದಾಗ ಜನ ಬೇಗ ಬರುತ್ತಾರೆ, ನೋಟವೂ ಜಾಸ್ತಿ ಉಳಿದಿರುತ್ತದೆ. ಬುದ್ಧಿ ಬರಲು ಒಂದು ಕಣ್ಣು ಹೋಗಬೇಕಾ?

ಗೋಡೆಯ ಕ್ಯಾಲೆಂಡರ್ ಸಾಕು. ಓದುವ ಕನ್ನಡಕ ಹಾಕಿ, ಒಂದಡಿ ದೂರದಲ್ಲಿ ನಿಂತು, ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿ, ನಡುವಿನ ತಾರೀಕನ್ನೇ ನೋಡಿ. ಸುತ್ತಲಿನ ಮನೆಗಳ ಗೆರೆ ನೇರ ಇದೆಯಾ? ಆಮೇಲೆ ಇನ್ನೊಂದು ಕಣ್ಣು. ಅಂಗೈ ಅಂದೆ, ಬೆರಳಲ್ಲ. ಬೆರಳ ಸಂದಿಯಲ್ಲಿ ಇಣುಕುವವರನ್ನು ದಿನಾ ನೋಡುತ್ತೇನೆ. ವರ್ಷಕ್ಕೊಮ್ಮೆಯ ತಪಾಸಣೆಗೆ ಇದು ಬದಲಿ ಅಲ್ಲ.

ಕಣಜದ ಅಜ್ಜ ಮೊನ್ನೆ ಮತ್ತೆ ಬಂದರು. ಈ ಸಲ ಬಲಗಣ್ಣು. ಕೈಯಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರ್. "ನಿನ್ನೆ ಬೆಳಿಗ್ಗೆ ಬುಧವಾರದ ಮನೆ ಸೊಟ್ಟ ಕಂಡಿತು." ಬೋರ್ಡಿನ ಕೊನೆಯ ಎರಡು ಸಾಲು ಬಿಟ್ಟು ಎಲ್ಲ ಓದಿದರು.