ಗಡಿಯಾರಕ್ಕೆ ಮಣ್ಣಿನ ಹದ ತಿಳಿಯದು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಆದರೂ ಜಡಿಮಳೆಯ ನಡುವೆಯೇ ಟೈಮರ್ ಹೇಳಿದ ಹೊತ್ತಿಗೆ ಹುಲ್ಲುಹಾಸಿನ ಮೇಲೆ ಸ್ಪ್ರಿಂಕ್ಲರ್ ತಿರುಗುವುದನ್ನು ಇಂದಿಗೂ ಕಾಣುತ್ತೇವೆ. ಗಿಡಕ್ಕೆ ದಿನವೂ ನೀರು ಬೇಕೆಂಬ ಈ ನಂಬಿಕೆಯಷ್ಟು ನೀರನ್ನು ವ್ಯರ್ಥಮಾಡುವುದು ತೋಟದಲ್ಲಿ ಬೇರೆ ಯಾವುದೂ ಇಲ್ಲವೆಂದು ನನಗನಿಸುತ್ತದೆ.

ಒಳ್ಳೆಯ ಮಳೆಯಾದ ಒಂದೆರಡು ದಿನಗಳಲ್ಲಿ ಮಣ್ಣಿನ ದೊಡ್ಡ ರಂಧ್ರಗಳ ನೀರು ಕೆಳಗಿಳಿದು, ಸಣ್ಣ ರಂಧ್ರಗಳದ್ದು ಮಾತ್ರ ಉಳಿಯುತ್ತದೆ. ರೈತರು ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡಿ 'ಹದಕ್ಕೆ ಬಂದಿದೆ' ಎನ್ನುವುದು ಹೆಚ್ಚುಕಡಿಮೆ ಈ ಹಂತವನ್ನೇ. ಉಳಿದ ನೀರನ್ನು ಮಣ್ಣು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಒಗೆದ ಬಟ್ಟೆಯನ್ನು ಹಿಂಡುವಾಗ ಮೊದಲ ನೀರು ತಾನಾಗಿ ಸುರಿದರೂ ಕೊನೆಯ ಹನಿಗಳಿಗೆ ತೋಳಿನ ಬಲವೆಲ್ಲ ಬೇಕಾಗುತ್ತದೆ. ಹಾಲು ಕರೆಯುವವರಿಗೂ ಕೆಚ್ಚಲಿನ ಕೊನೆಯ ಧಾರೆಯ ಶ್ರಮ ಗೊತ್ತು. ಬೇರು ಮಾಡುವುದೂ ಇಂಥ ಹಿಂಡುವ ಕೆಲಸವನ್ನೇ. ಆದ್ದರಿಂದ ಮಣ್ಣಿನಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಅದು ಎಷ್ಟು ಬಿಗಿಯಾಗಿದೆ ಎನ್ನುವುದು ಮುಖ್ಯ: ಎರೆಮಣ್ಣಿನಲ್ಲಿ ಶೇ 20ರಷ್ಟು ನೀರಿದ್ದರೂ ಗಿಡ ಬಾಡಬಹುದು, ಮರಳುಮಣ್ಣಿನಲ್ಲಿ ಶೇ 10ರಷ್ಟಿದ್ದರೂ ನಳನಳಿಸಬಹುದು.

ಈ ಬಿಗಿತವನ್ನು ಅಳೆಯುವ ಟೆನ್ಸಿಯೋಮೀಟರ್ ಬಹಳ ಸರಳವಾದ ಉಪಕರಣ. ನೀರು ತುಂಬಿದ ಕೊಳವೆಯ ಕೆಳತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಪಿಂಗಾಣಿ ಬಟ್ಟಲು, ಮೇಲೊಂದು ಮಾಪಕ, ಅಷ್ಟೇ. ಗಿಡದ ಬುಡದಲ್ಲಿ ಹೂತಿಟ್ಟ ಮಡಕೆಯಿಂದ ಒಣಮಣ್ಣು ತನಗೆ ಬೇಕಾದಷ್ಟೇ ನೀರನ್ನು ಎಳೆದುಕೊಳ್ಳುವಂತೆ, ಈ ಬಟ್ಟಲಿನಿಂದಲೂ ಎಳೆಯುತ್ತದೆ. ಆ ಎಳೆತವನ್ನು ಮುಳ್ಳು ತೋರಿಸುತ್ತದೆ. ಹದವಾದ ಮಣ್ಣಿನಲ್ಲಿ ಅದು 10ರಿಂದ 30 ಕಿಲೋಪಾಸ್ಕಲ್ (ಒತ್ತಡವನ್ನು ಅಳೆಯುವ ಮಾನ) ಇರುತ್ತದೆ. ಹೆಚ್ಚಿನ ಗಿಡಗಳು ಮತ್ತೆ ಚೇತರಿಸಿಕೊಳ್ಳದಂತೆ ಬಾಡುವುದು ಸುಮಾರು 1,500ರಲ್ಲಿ. ಉಪಕರಣ 80ರ ಆಸುಪಾಸಿನವರೆಗೆ ಮಾತ್ರ ಓದಬಲ್ಲದು, ಆದರೆ ನೀರು ಬಿಡುವ ನಿರ್ಧಾರಕ್ಕೆ ಅಷ್ಟು ಸಾಕು.

ಹವಾಮಾನದ ಪಾತ್ರ ಮಣ್ಣಿನ ನೀರಿನ ಖರ್ಚಿನ ಲೆಕ್ಕದಲ್ಲಿದೆ. ಬಿಸಿಲು, ಉಷ್ಣಾಂಶ, ಗಾಳಿ, ತೇವಾಂಶಗಳಿಂದ ಆವಿಯಾಗುವ ನೀರನ್ನು ಅಂದಾಜಿಸುವ ಸೂತ್ರವನ್ನು ಬ್ರಿಟಿಷ್ ವಿಜ್ಞಾನಿ ಹೊವಾರ್ಡ್ ಪೆನ್ಮನ್ 1948ರಲ್ಲಿ ಕೊಟ್ಟರು. ಅದರ ಸುಧಾರಿತ ರೂಪವೇ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೆಂಪುಮಣ್ಣಿನ ಹುಲ್ಲುಹಾಸಿನ ಬೇರು 15 ಸೆಂಟಿಮೀಟರ್ ಇಳಿದಿದೆ, ಅಲ್ಲಿ ಗಿಡಕ್ಕೆ ಸಿಗುವ ನೀರು ಸುಮಾರು 18 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 18 ಲೀಟರ್ ಎಂದಿಟ್ಟುಕೊಳ್ಳೋಣ. ಅರ್ಧ ಖರ್ಚಾದಾಗ ನೀರು ಬಿಡುವುದು ರೂಢಿ. ದಿನಕ್ಕೆ 4 ಮಿಲಿಮೀಟರಿಗಿಂತ ತುಸು ಹೆಚ್ಚು ಖರ್ಚಾಗುವ ಏಪ್ರಿಲ್‌ನಲ್ಲಿ ಆ ಸರದಿ ಎರಡು ದಿನಕ್ಕೊಮ್ಮೆ ಬರುತ್ತದೆ. 3 ಮಿಲಿಮೀಟರ್ ಸಾಕಾಗುವ ಜುಲೈನ ಮೋಡದ ದಿನಗಳಲ್ಲಿ ಮೂರು ದಿನಕ್ಕೊಮ್ಮೆ, ಅದೂ ನಡುವೆ ಮಳೆ ಬಾರದಿದ್ದರೆ. 40 ಮಿಲಿಮೀಟರ್ ಮಳೆ ಸುರಿಯಿತೆಂದು ಹದಿಮೂರು ದಿನ ಸುಮ್ಮನಿರುವುದೂ ತಪ್ಪೇ, ಏಕೆಂದರೆ ಈ ಮಣ್ಣು ಹಿಡಿದಿಡಬಲ್ಲದ್ದು 18 ಮಾತ್ರ. ಉಳಿದದ್ದು ಅಷ್ಟರಲ್ಲಿ ಬೇರಿನ ಕೈಗೆ ಸಿಗದಷ್ಟು ಆಳಕ್ಕೆ ಇಳಿದಿರುತ್ತದೆ.