ಮೂವತ್ತು ಸೆಕೆಂಡಿನ ಕುಮಾರ ಪರ್ವತ: ರೀಲ್ಸ್ ನೋಡಿ ಹೊರಟವರು ಒಂದೇ ದಿನದಲ್ಲಿ ಹತ್ತಿಳಿಯಬಹುದೇ?

ಪ್ರಶ್ನೆ: ಕುಮಾರ ಪರ್ವತದ ರೀಲ್ಸ್ ನೋಡಿ ಗೆಳೆಯರು ಐದು ಜನ ಹೊರಟಿದ್ದೇವೆ. ಯಾರಿಗೂ ಚಾರಣದ ಅಭ್ಯಾಸವಿಲ್ಲ. ಕುಕ್ಕೆಯಿಂದ ಒಂದೇ ದಿನದಲ್ಲಿ ಹತ್ತಿ ಇಳಿಯಬಹುದೇ?

ಉತ್ತರ: ಕುಕ್ಕೆ ಕಡೆಯಿಂದ ಬೇಡ. ಸೋಮವಾರಪೇಟೆ ಕಡೆಯಿಂದಾದರೆ, ಎರಡು ತಿಂಗಳು ಕಾಲು ಪಳಗಿಸಿಕೊಂಡು ಹೋಗಿ.

ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲೆ. ಉಳಿದ 1,600 ಮೀಟರನ್ನು ಕಾಲೇ ಏರಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಐದಕ್ಕಿಂತ ಹೆಚ್ಚು ಸಲ ಹತ್ತಿದಷ್ಟು. ದಾರಿ ಒಂದು ಬದಿಗೇ 12–13 ಕಿ.ಮೀ. ಚಾರಣಿಗರು ಬಳಸುವ ನೈಸ್ಮಿತ್ ಸೂತ್ರದಲ್ಲಿ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ಲೆಕ್ಕ ಹಾಕಿದರೆ ಹತ್ತಲು ಐದೂಕಾಲು ಗಂಟೆ ಬೇಕು. ಅದೂ ಪಳಗಿದವರು ಎಲ್ಲೂ ಕೂರದೆ ನಡೆದರೆ. ಹೊಸಬರು ಒಂದೂವರೆ ಪಟ್ಟು ಹಿಡಿಯಬೇಕು, ಅಂದರೆ ಎಂಟು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೆ ತುದಿ ಮುಟ್ಟುವಾಗ ಎರಡು. ಇಳಿಯಲು ಐದಾರು ಗಂಟೆ. ದಾರಿಯ ಕೊನೆಗೆ ಸಿಗುವ ಕಾಡಿನ ಪಟ್ಟಿ ಬೇರುಗಳಿಂದ ತುಂಬಿದೆ. ಸೋತ ಮೊಣಕಾಲಿನಲ್ಲಿ, ಕತ್ತಲೆಯಲ್ಲಿ ಅಲ್ಲಿಗೆ ಬರುತ್ತೀರಿ. ಕಾಲು ಉಳುಕುವುದು ಸಾಮಾನ್ಯವಾಗಿ ಇಳಿಯುವಾಗಲೇ.

ರೀಲ್ಸ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಏರು ಕೂಡ. ಮೊಬೈಲಿನ ವೈಡ್ ಲೆನ್ಸ್ ಕಡಿದಾದ ದಾರಿಯನ್ನೂ ಚಪ್ಪಟೆ ಮಾಡಿ ತೋರಿಸುತ್ತದೆ. ದಾರಿ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಕಲ್ಲು ಮಂಟಪದವರೆಗೆ ಬಯಲು ಹುಲ್ಲುಗಾವಲು, ನೆರಳೆಂಬುದಿಲ್ಲ. ಕೆಳಗಿನ ಕಾಡಿನ ತಂಪಿನಲ್ಲಿ ಬಾಯಾರಿಕೆ ಗೊತ್ತಾಗದೆ ನೀರು ಕುಡಿಯದವರಿಗೆ ಸ್ನಾಯು ಹಿಡಿದುಕೊಳ್ಳುವುದು ಇಲ್ಲೇ. ತಲೆಗೆ ಕನಿಷ್ಠ ಮೂರು ಲೀಟರ್ ನೀರು ಹೊರಬೇಕು. ಉಪ್ಪು-ಸಕ್ಕರೆಯ ಒಆರ್‌ಎಸ್ ಪೊಟ್ಟಣ ಎರಡಿರಲಿ. ಮುಂದೆ ಶೇಷ ಪರ್ವತದ ಅಂಚು. ಫೋಟೊಗೆಂದು ಅಲ್ಲಿ ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯದು. ಅದೇ ತುದಿ ಅಂದುಕೊಂಡಿರಬೇಡಿ: ಮತ್ತೆ ಶೋಲಾ ಎಂಬ ಕಣಿವೆಯ ದಟ್ಟ ಕಾಡಿಗೆ ಇಳಿದು, ಕಡಿದಾದ ಬಂಡೆ ಹತ್ತಿದರಷ್ಟೇ ಕುಮಾರ ಪರ್ವತ. ಒದ್ದೆಯಾದಾಗ ಆ ಬಂಡೆ ಜಾರುತ್ತದೆ. ಸವೆದ ಅಟ್ಟೆಯ ಸ್ನೀಕರ್ಸ್ ಅಲ್ಲಿ ಬೇಡ.

ಸೋಮವಾರಪೇಟೆ ಕಡೆಯ ಬೀದಹಳ್ಳಿ ದಾರಿ ಸುಮಾರು ಅರ್ಧದಷ್ಟೇ ಉದ್ದ, ಏರೂ ಬಹಳ ಕಡಿಮೆ. ಅಲ್ಲೂ ಮಧ್ಯಾಹ್ನ ಒಂದು ಗಂಟೆಗೆ, ತುದಿ ಎದುರಿಗೇ ಕಂಡರೂ, ತಿರುಗಿಬಿಡಬೇಕು. ಈ ಮಾತನ್ನು ಕೆಳಗೇ ಆಡಿಕೊಳ್ಳಿ, ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ. ತಯಾರಿಗೆ ವಾರಕ್ಕೆ ಮೂರು ದಿನ, ಬೆನ್ನಿಗೆ ಐದು ಕೆ.ಜಿ. ಹೊತ್ತು, ಮೆಟ್ಟಿಲು ಹತ್ತಿಳಿಯಿರಿ. ಲಿಫ್ಟಿನಲ್ಲಿ ಇಳಿದರೆ ಅರ್ಧ ಅಭ್ಯಾಸ ಹೋಯಿತು.

ಇನ್ನು ಅನುಮತಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇಲ್ಲಿ ಸಾಲುಗಟ್ಟಿದ ಜನಜಂಗುಳಿಯ ವಿಡಿಯೊ ಹರಿದಾಡಿತು. ಅದರ ಬೆನ್ನಿಗೇ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಚಾರಣಕ್ಕೆ ತಡೆ ಬಿತ್ತು. ರೀಲ್ಸ್ ನೋಡಿ ಬಂದವರ ರೀಲ್ಸೇ ಬಾಗಿಲು ಹಾಕಿಸಿತು ಅನ್ನಿ. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ, ಮಳೆಗಾಲದಲ್ಲಿ ಉಂಬಳ ಮುತ್ತುತ್ತದೆ. ಫೆಬ್ರುವರಿಯಲ್ಲಿ ಹಾಕಿದ ರೀಲ್ಸ್‌ನಲ್ಲಿ ಹುಲ್ಲು ಹಚ್ಚಹಸಿರಾಗಿದ್ದರೆ ಅದು ಹಳೆಯ ವಿಡಿಯೊ ಎಂದೇ ತಿಳಿಯಿರಿ. ಇದು ಪುಷ್ಪಗಿರಿ ವನ್ಯಜೀವಿ ಧಾಮವಾದ್ದರಿಂದ ಶಿಖರದಲ್ಲಿ ಟೆಂಟ್ ಹಾಕುವಂತಿಲ್ಲ, ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಫೋನು ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ನಕ್ಷೆ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡಿಗೆ ಹಾಕಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಐವರಲ್ಲಿ ಒಬ್ಬರ ಫೋನಂತೂ ಕೆಳಗಿಳಿಯುವವರೆಗೆ ಸ್ವಿಚ್ ಆಫ್ ಆಗಿ ಬ್ಯಾಗಿನಲ್ಲೇ ಇರಲಿ. ವಿಡಿಯೊ ಉಳಿದ ನಾಲ್ವರು ಮಾಡಲಿ.