ಎರಡೂ ಹಿಂದಕ್ಕೇ ನೋಡುತ್ತವೆ, ಆದರೂ ಒಂದೇ ಅಲ್ಲ: ಜಾನೆಟ್ ಲೇನ್-ಕ್ಲೇಪನ್ ಅವರ ಎರಡು ಅಧ್ಯಯನಗಳು

ರೋಗದ ಕಾರಣ ಹುಡುಕುವ ಅಧ್ಯಯನಗಳಲ್ಲಿ ಎರಡು ಮುಖ್ಯ ಬಗೆ: ಜನರ ಗುಂಪನ್ನು ಹಿಂಬಾಲಿಸಿ ಯಾರಿಗೆ ಏನಾಯಿತು ಎಂದು ನೋಡುವ ಕೋಹಾರ್ಟ್, ರೋಗ ಬಂದವರನ್ನು ಬಾರದವರ ಜೊತೆ ಹೋಲಿಸುವ ಕೇಸ್-ಕಂಟ್ರೋಲ್. ಕೋಹಾರ್ಟ್ ಅಂದರೆ ಮುಂದಕ್ಕೆ, ಕೇಸ್-ಕಂಟ್ರೋಲ್ ಅಂದರೆ ಹಿಂದಕ್ಕೆ. ಹೀಗೆ ಉರು ಹೊಡೆದುಕೊಂಡವರಿಗೆಲ್ಲ ‘ರೆಟ್ರೋಸ್ಪೆಕ್ಟಿವ್ ಕೋಹಾರ್ಟ್’ (ಹಿಂದಕ್ಕೆ ನೋಡುವ ಕೋಹಾರ್ಟ್) ಎಂಬ ಹೆಸರು ಎದುರಾದ ಕೂಡಲೇ ಕಾಲು ತೊಡರುತ್ತದೆ. ಕೋಹಾರ್ಟೂ ಹಳೆಯ ದಾಖಲೆಗಳನ್ನೇ ನೋಡುವುದಾದರೆ ಎರಡಕ್ಕೂ ವ್ಯತ್ಯಾಸ ಏನು ಉಳಿಯಿತು? ಈ ಗಂಟು ನನಗೆ ಬಿಚ್ಚಿಕೊಂಡದ್ದು ಒಬ್ಬರೇ ವೈದ್ಯೆ ಮಾಡಿದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ. ಒಂದು 1912ರದು, ಹಸುಗೂಸುಗಳ ತೂಕದ ಬಗ್ಗೆ. ಇನ್ನೊಂದು 1926ರದು, ಸ್ತನ ಕ್ಯಾನ್ಸರ್ ಬಗ್ಗೆ. ಎರಡನ್ನೂ ಮಾಡಿದವರು ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್.

1877ರಲ್ಲಿ ಲಿಂಕನ್‌ಶೈರ್‌ನಲ್ಲಿ ಹುಟ್ಟಿದ ಇವರು ವಿಜ್ಞಾನದ ಡಾಕ್ಟರೇಟನ್ನೂ ಎಂ.ಡಿ. ಪದವಿಯನ್ನೂ ಪಡೆದವರು. ‘ಹಾರ್ಮೋನ್’ ಎಂಬ ಪದವನ್ನು ಬಳಕೆಗೆ ತಂದ ಅರ್ನೆಸ್ಟ್ ಸ್ಟಾರ್ಲಿಂಗ್ ಅವರ ಜೊತೆ 1906ರಲ್ಲಿ ಮೊಲಗಳ ಸ್ತನಗ್ರಂಥಿ ಹೇಗೆ ಬೆಳೆಯುತ್ತದೆ ಎಂಬ ಪ್ರಯೋಗ ಪ್ರಕಟಿಸಿದ್ದರು. ಪ್ರಯೋಗಾಲಯದಿಂದ ಜನರ ಆರೋಗ್ಯದ ಲೆಕ್ಕಕ್ಕೆ ಬಂದದ್ದು ಆಮೇಲೆ.

1912: ಕಾಯಿಸಿದ ಹಾಲಿನ ಪ್ರಶ್ನೆ

ಇಪ್ಪತ್ತನೇ ಶತಮಾನ ಶುರುವಾದಾಗ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಸುಮಾರು 150 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಹಸಿ ಹಸುವಿನ ಹಾಲಿನಿಂದ ಭೇದಿ ಬರುತ್ತಿತ್ತು, ಕ್ಷಯವೂ ಬರುತ್ತಿತ್ತು. ಹಾಲು ಕಾಯಿಸಿ ಕೊಡಿ ಅಂದರೆ, ಕಾಯಿಸಿದರೆ ಹಾಲಿನ ಸತ್ವವೇ ಹೋಗುತ್ತದೆ ಎನ್ನುವ ವೈದ್ಯರೂ ಇದ್ದರು. ಹಾಲು ಕಾಯಿಸದೆ ದಿನ ಶುರುವಾಗದ ನಮ್ಮ ಅಡುಗೆಮನೆಗಳಿಂದ ನೋಡಿದರೆ ಇದೂ ಒಂದು ವಿವಾದವೇ ಅನಿಸಬಹುದು. ಅಲ್ಲಿ ಮಾತ್ರ ಅದು ಸರ್ಕಾರದ ಮಟ್ಟದ ಚರ್ಚೆಯಾಗಿತ್ತು, ಲೋಕಲ್ ಗವರ್ನಮೆಂಟ್ ಬೋರ್ಡ್‌ಗೆ ವರದಿ ಬೇಕಿತ್ತು.

ಲೇನ್-ಕ್ಲೇಪನ್ ಬರ್ಲಿನ್‌ನ ಶಿಶು ಆರೈಕೆ ಕೇಂದ್ರಗಳ ದಾಖಲೆಗಳನ್ನು ಹಿಡಿದರು. ಅಲ್ಲಿ ದುಡಿಯುವ ವರ್ಗದ ತಾಯಂದಿರು ಮಕ್ಕಳನ್ನು ತಪ್ಪದೆ ಕರೆತಂದು ತೂಕ ಮಾಡಿಸುತ್ತಿದ್ದರು, ಮಗು ಏನು ಕುಡಿಯುತ್ತಿದೆ ಎಂಬುದೂ ಬರೆದಿರುತ್ತಿತ್ತು. ತಾಯಿಹಾಲು ಕುಡಿದ 300 ಮಕ್ಕಳು ಒಂದು ಕಡೆ, ಕಾಯಿಸಿದ ಹಸುವಿನ ಹಾಲು ಕುಡಿದ 204 ಮಕ್ಕಳು ಇನ್ನೊಂದು ಕಡೆ. ಎರಡೂ ಗುಂಪಿನ ತೂಕ ವಾರ ವಾರಕ್ಕೆ ಹೇಗೆ ಏರಿತು ಎಂದು ಹೋಲಿಸಿದರು. ಎಳೆಯ ತಿಂಗಳುಗಳಲ್ಲಿ ತಾಯಿಹಾಲಿನ ಮಕ್ಕಳೇ ಮುಂದಿದ್ದರು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸಾಧಾರಣ ವರದಿಯಾಗಿ ಉಳಿಯುತ್ತಿತ್ತು. ಅವರು ತಮಗೆ ತಾವೇ ಎರಡು ಪ್ರಶ್ನೆ ಹಾಕಿಕೊಂಡರು. ಈ ವ್ಯತ್ಯಾಸ ಬರೀ ಆಕಸ್ಮಿಕವೇ? ಇದಕ್ಕಾಗಿ, ಮಕ್ಕಳ ಸಂಖ್ಯೆ ಕಡಿಮೆ ಇದ್ದ ಕಡೆ, 1908ರಲ್ಲಷ್ಟೇ ‘ಸ್ಟೂಡೆಂಟ್’ ಹೆಸರಿನಲ್ಲಿ ಪ್ರಕಟವಾಗಿದ್ದ ಟಿ-ಟೆಸ್ಟ್ ಬಳಸಿದರು. ಎರಡನೆಯದು ಇನ್ನೂ ಹರಿತವಾದ ಪ್ರಶ್ನೆ: ತೂಕ ಹೆಚ್ಚಾಗಲು ಕಾರಣ ಹಾಲೇ, ಅಥವಾ ಆ ಮನೆಗಳ ಸ್ಥಿತಿಗತಿಯೇ? ಮೊಲೆಯೂಡಿಸುವ ಮನೆಗಳು ಸ್ವಲ್ಪ ಅನುಕೂಲಸ್ಥ ಮನೆಗಳಾಗಿದ್ದರೆ ಹಾಲಿಗೆ ಸುಮ್ಮನೆ ಹೆಸರು ಬರುತ್ತದೆ. ಅದಕ್ಕೆ ತಂದೆಯ ಕೂಲಿಗೂ ಮಗುವಿನ ತೂಕಕ್ಕೂ ಸಂಬಂಧ ಇದೆಯೇ ಎಂದು ಬೇರೆಯಾಗಿ ಲೆಕ್ಕ ಹಾಕಿದರು. ಫಲಿತಾಂಶವನ್ನು ವಿವರಿಸುವಷ್ಟು ಸಂಬಂಧ ಕಾಣಲಿಲ್ಲ. ನಾವು ಈಗ ಕನ್‌ಫೌಂಡಿಂಗ್ ಎಂದು ಕರೆದು ಒಂದು ಅಧ್ಯಾಯವನ್ನೇ ಮೀಸಲಿಡುವ ವಿಷಯ ಇದು. ಕನ್‌ಫೌಂಡರ್‌ನ ವ್ಯಾಖ್ಯೆ ಬಾಯಿಪಾಠ ಮಾಡುವ ಬದಲು ‘ಅಪ್ಪನ ಕೂಲಿ’ ಎಂದು ನೆನಪಿಟ್ಟುಕೊಂಡರೆ ಸಾಕು ಎಂಬುದು ನನ್ನ ಅನುಭವ. ಅದು ಹಾಲಿನ ಆಯ್ಕೆಗೂ ತಗಲಿಕೊಂಡಿರಬಹುದು, ತೂಕಕ್ಕೂ ತಗಲಿಕೊಂಡಿರಬಹುದು, ಆದರೆ ಹಾಲು ತೂಕವನ್ನು ತಲುಪುವ ದಾರಿಯಲ್ಲಿ ಇರುವುದಿಲ್ಲ. ಮೂರು ಷರತ್ತೂ ಅದರಲ್ಲೇ ಬಂದವು.

1926: 500 ಮತ್ತು 500

ಹದಿನಾಲ್ಕು ವರ್ಷದ ನಂತರ ಬ್ರಿಟನ್ನಿನ ಆರೋಗ್ಯ ಸಚಿವಾಲಯಕ್ಕೆ ಸ್ತನ ಕ್ಯಾನ್ಸರ್ ವರದಿ. ಸ್ತನ ಕ್ಯಾನ್ಸರ್ ಬಂದ 500 ಮಹಿಳೆಯರು, ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದ, ಕ್ಯಾನ್ಸರ್ ಇಲ್ಲದ 500 ಮಹಿಳೆಯರು. ಎಲ್ಲರಿಗೂ ಒಂದೇ ಪ್ರಶ್ನಾವಳಿ: ಮದುವೆ ಯಾವ ವಯಸ್ಸಿಗಾಯಿತು, ಮಕ್ಕಳೆಷ್ಟು, ಮೊಲೆಯೂಡಿಸಿದ್ದೀರಾ. ಕ್ಯಾನ್ಸರ್ ಬಂದವರಲ್ಲಿ ಮದುವೆ ತಡವಾಗಿತ್ತು, ಮಕ್ಕಳು ಕಡಿಮೆ, ಮೊಲೆಯೂಡಿಸಿದ್ದೂ ಕಡಿಮೆ. ಮಕ್ಕಳ ಸಂಖ್ಯೆಯ ವ್ಯತ್ಯಾಸ ಬರೀ ತಡವಾದ ಮದುವೆಯಿಂದ ಬಂದದ್ದೇ ಎಂಬುದನ್ನು ಪರೀಕ್ಷಿಸುವ ಸಂಖ್ಯಾಶಾಸ್ತ್ರದ ಭಾಗವನ್ನು ಮೇಜರ್ ಗ್ರೀನ್‌ವುಡ್ ನೋಡಿಕೊಂಡರು. (ಮೇಜರ್ ಎಂಬುದು ಇಲ್ಲಿ ಅವರ ಹೆಸರು, ಸೈನ್ಯದ ಪದವಿಯಲ್ಲ.) ಆಧುನಿಕ ರೀತಿಯ ಮೊದಲ ಕೇಸ್-ಕಂಟ್ರೋಲ್ ಅಧ್ಯಯನ ಎಂದು ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ. ಶ್ವಾಸಕೋಶದ ಕ್ಯಾನ್ಸರ್ ಮತ್ತು ಸಿಗರೇಟಿನ ಬಗ್ಗೆ ಡಾಲ್ ಮತ್ತು ಹಿಲ್ ಅವರ ಹೆಸರಾಂತ ಅಧ್ಯಯನ ಬಂದದ್ದು 1950ರಲ್ಲಿ.

ತೊಡರುವ ಜಾಗ: ಯಾವ ಸಂಖ್ಯೆ ಸಂಶೋಧಕರ ಕೈಯಲ್ಲಿತ್ತು?

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಬರ್ಲಿನ್ ದಾಖಲೆಗಳೂ ಹಳೆಯವು, ಮಹಿಳೆಯರ ನೆನಪುಗಳೂ ಹಳೆಯವು. ಲೇನ್-ಕ್ಲೇಪನ್ ಕೆಲಸಕ್ಕೆ ಕೂತಾಗ ಎರಡರಲ್ಲೂ ಆಗುವುದೆಲ್ಲ ಆಗಿ ಹೋಗಿತ್ತು. ಹಾಗಾಗಿ ಹಿಂದೆ, ಮುಂದೆ ಎಂಬ ಕಾಲದ ಮಾತನ್ನು ಪೂರ್ತಿ ಬಿಟ್ಟುಬಿಡಿ. ಕೇಳಬೇಕಾದದ್ದು ಒಂದೇ: ಗುಂಪು ಮಾಡಿದ್ದು ಯಾವುದರ ಮೇಲೆ?

1912ರಲ್ಲಿ ಗುಂಪು ಮಾಡಿದ್ದು ಹಾಲಿನ ಮೇಲೆ, ಅಂದರೆ ಕಾರಣ ಎಂದು ಶಂಕಿಸಿದ್ದರ ಮೇಲೆ. ಆಮೇಲೆ ಪರಿಣಾಮ ನೋಡಿದರು. ಅದು ಕೋಹಾರ್ಟ್, ದಾಖಲೆ ಎಷ್ಟೇ ಹಳತಾಗಿರಲಿ. 1926ರಲ್ಲಿ ಗುಂಪು ಮಾಡಿದ್ದು ರೋಗದ ಮೇಲೆ, ಅಂದರೆ ಪರಿಣಾಮದ ಮೇಲೆ. ಆಮೇಲೆ ಕಾರಣ ಹುಡುಕಿದರು. ಅದು ಕೇಸ್-ಕಂಟ್ರೋಲ್.

ಇಷ್ಟು ತಿಳಿದ ಮೇಲೂ ಒಂದು ಹೆಜ್ಜೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಕೇಸ್-ಕಂಟ್ರೋಲ್‌ನಲ್ಲಿ ರಿಲೇಟಿವ್ ರಿಸ್ಕ್ (ಒಂದು ಗುಂಪಿನ ಅಪಾಯ ಇನ್ನೊಂದರ ಎಷ್ಟು ಪಟ್ಟು ಎಂಬುದು) ಲೆಕ್ಕ ಹಾಕಬಾರದು, ಆಡ್ಸ್ ರೇಷಿಯೋ (ಅಡ್ಡಗುಣಾಕಾರದಿಂದ ಬರುವ ಅನುಪಾತ) ಮಾತ್ರ ಹಾಕಬೇಕು ಎನ್ನುತ್ತಾರೆ. ಯಾಕೆ? ರೋಗ ಇರುವವರು, ಇಲ್ಲದವರು, ಎರಡರಲ್ಲೂ ಕಾರಣ ಇರುವವರು, ಇಲ್ಲದವರು ಎಂದು ಪಟ್ಟಿಯಲ್ಲಿ ನಾಲ್ಕು ಸಂಖ್ಯೆ ಇವೆಯಲ್ಲ, ಭಾಗಿಸಿದರೆ ಆಗದೆ? ನಿಯಮವನ್ನು ನಂಬುವುದಕ್ಕಿಂತ ಸಂಖ್ಯೆಗಳನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಕೆಳಗಿನ ಅಂಕಿಗಳೆಲ್ಲ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು.

ಒಂದು ಊರಿನಲ್ಲಿ 1,00,000 ಮಹಿಳೆಯರು. ಅವರಲ್ಲಿ 20,000 ಮಂದಿಗೆ ಮಕ್ಕಳಾಗಿಲ್ಲ, ಅವರಲ್ಲಿ 200 ಮಂದಿಗೆ ರೋಗ, ಅಂದರೆ ಶೇ. 1. ಮಕ್ಕಳಾದ 80,000 ಮಂದಿಯಲ್ಲಿ 400 ಮಂದಿಗೆ ರೋಗ, ಅಂದರೆ ಶೇ. 0.5. ನಿಜವಾದ ರಿಲೇಟಿವ್ ರಿಸ್ಕ್ 2. ಇದು ದೇವರಿಗಷ್ಟೇ ಗೊತ್ತು ಅಂದುಕೊಳ್ಳಿ, ನಮ್ಮ ಕೈಗೆ ಸಿಗುವುದು ಆಸ್ಪತ್ರೆಯ ಜನ ಮಾತ್ರ.

ರೋಗ ಬಂದ 600 ಮಂದಿಯನ್ನೂ ತೆಗೆದುಕೊಂಡೆವು. ಜೊತೆಗೆ ಹೋಲಿಕೆಗೆ ರೋಗವಿಲ್ಲದ 600 ಮಂದಿ, ಇವರೇ ಕಂಟ್ರೋಲ್. ರೋಗವಿಲ್ಲದವರಲ್ಲಿ ಐದರಲ್ಲೊಂದು ಪಾಲಿನಷ್ಟು ಜನಕ್ಕೆ ಮಕ್ಕಳಿಲ್ಲ, ಹಾಗಾಗಿ 120 ಮತ್ತು 480. ಈಗ ತಪ್ಪು ದಾರಿ ಹಿಡಿಯೋಣ. ಮಕ್ಕಳಿಲ್ಲದವರು ಒಟ್ಟು 320, ರೋಗ 200, ಶೇ. 62.5. ಮಕ್ಕಳಿರುವವರು ಒಟ್ಟು 880, ರೋಗ 400, ಶೇ. 45.5. ಅನುಪಾತ ಸುಮಾರು 1.38. ಊರಿನ ಮಕ್ಕಳಿಲ್ಲದ ಮಹಿಳೆಯರಲ್ಲಿ ಶೇ. 62.5 ಮಂದಿಗೆ ರೋಗ ಎಂಬ ಉತ್ತರ ಬಂದಾಗಲೇ ಲೆಕ್ಕ ಹಳಿ ತಪ್ಪಿದೆ ಎಂದು ಗೊತ್ತಾಗಬೇಕು.

ಈಗ ಕಂಟ್ರೋಲ್‌ಗಳನ್ನು 1200ಕ್ಕೆ ಏರಿಸಿ: 240 ಮತ್ತು 960. ಅದೇ ತಪ್ಪು ದಾರಿಯಲ್ಲಿ ಅನುಪಾತ ಸುಮಾರು 1.55. ಕಂಟ್ರೋಲ್ 6000 ಮಾಡಿ: 1200 ಮತ್ತು 4800, ಅನುಪಾತ ಸುಮಾರು 1.86. ರೋಗ ಬದಲಾಗಲಿಲ್ಲ, ಊರು ಬದಲಾಗಲಿಲ್ಲ, ನಾವು ಎಷ್ಟು ಜನರನ್ನು ಕರೆತಂದೆವು ಎಂಬುದಷ್ಟೇ ಬದಲಾಯಿತು. ಉತ್ತರವೂ ಅದರ ಹಿಂದೆಯೇ ಓಡಿತು. ನಮ್ಮ ಬಜೆಟ್ ನೋಡಿ ಬದಲಾಗುವ ಉತ್ತರ ರೋಗದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈಗ ಅಡ್ಡಗುಣಾಕಾರ, ಅಂದರೆ ಆಡ್ಸ್ ರೇಷಿಯೋ. 600 ಕಂಟ್ರೋಲ್ ಇದ್ದಾಗ: 200 ಗುಣಿಸು 480, ಭಾಗಿಸು 400 ಗುಣಿಸು 120. ಅಂದರೆ 96,000 ಭಾಗಿಸು 48,000, ಉತ್ತರ 2. 1200 ಇದ್ದಾಗ: 200 ಗುಣಿಸು 960, ಭಾಗಿಸು 400 ಗುಣಿಸು 240. ಮತ್ತೆ 2. 6000 ಇದ್ದಾಗಲೂ 2. ಯಾಕೆಂದರೆ ಕಂಟ್ರೋಲ್ ಹೆಚ್ಚಿಸಿದಾಗ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಂದೇ ಪಟ್ಟು ಏರುತ್ತವೆ, ಭಾಗಾಕಾರದಲ್ಲಿ ಆ ಪಟ್ಟು ವಜಾ ಆಗುತ್ತದೆ. ಆಡ್ಸ್ ರೇಷಿಯೋದ ಶಕ್ತಿ ಇರುವುದು ಇಲ್ಲೇ: ಎಷ್ಟು ಕಂಟ್ರೋಲ್ ಎಂಬ ಸಂಶೋಧಕರ ಆಯ್ಕೆ ಅದನ್ನು ಮುಟ್ಟುವುದಿಲ್ಲ.

ಹಾಗಾಗಿ ನಾನು ಪ್ರತಿ ಪಟ್ಟಿಯ ಎದುರು ಕೇಳುವುದು ಹೀಗೆ: ಯಾವ ಮೊತ್ತವನ್ನು ಸಂಶೋಧಕರು ತಾವೇ ಗೊತ್ತು ಮಾಡಿದರು? ಅದನ್ನು ಫಲಿತಾಂಶ ಎಂದು ಓದಬಾರದು. 1926ರಲ್ಲಿ 500-500 ಎಂದು ಗೊತ್ತು ಮಾಡಿದವರು ಲೇನ್-ಕ್ಲೇಪನ್, ಅದರಿಂದ ಎಷ್ಟು ಮಹಿಳೆಯರಿಗೆ ಕ್ಯಾನ್ಸರ್ ಬರುತ್ತದೆ ಎಂದು ತಿಳಿಯಲಾಗದು.

ಇನ್ನೊಂದು ಕೊಂಡಿ ಇದೆ. ಆಡ್ಸ್ ರೇಷಿಯೋ ರಿಲೇಟಿವ್ ರಿಸ್ಕಿಗೆ ಹತ್ತಿರ ಬರುವುದು ರೋಗ ಅಪರೂಪವಾಗಿದ್ದಾಗ ಮಾತ್ರ. ರೋಗ ಒಂದು ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 20 ಇದ್ದರೆ ರಿಲೇಟಿವ್ ರಿಸ್ಕ್ 2, ಆದರೆ ಆಡ್ಸ್ ರೇಷಿಯೋ 2.67. ಈ ಹತ್ತಿರದ ಸಂಬಂಧವನ್ನು ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ತೋರಿಸಿದ್ದು 1951ರಲ್ಲಿ. 1926ರಲ್ಲಿ ಈ ಉಪಕರಣ ಕೈಯಲ್ಲಿರಲಿಲ್ಲ, ಸರಾಸರಿ ಮತ್ತು ಪ್ರಮಾಣಗಳನ್ನು ಹೋಲಿಸಿಯೇ ಅವರು ಸರಿಯಾದ ಕಡೆಗೆ ಬೆರಳು ತೋರಿಸಿದರು. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಇದನ್ನು ತಿಳಿದಾಗ.

ಕಂಟ್ರೋಲ್ ಯಾರು?

ಚಿಕ್ಕದಾಗಿ ಹೇಳುತ್ತೇನೆ. ಕಂಟ್ರೋಲ್‌ಗಳು ರೋಗಿಗಳು ಬಂದ ಅದೇ ಸಮುದಾಯದ ಜನರನ್ನು ಪ್ರತಿನಿಧಿಸಬೇಕು. ಮಕ್ಕಳ ಸಂಖ್ಯೆಯ ಪ್ರಶ್ನೆಗೆ ಹೆರಿಗೆ ವಾರ್ಡಿನಿಂದ ಕಂಟ್ರೋಲ್ ತಂದರೆ ಏನಾಗುತ್ತದೆ ಯೋಚಿಸಿ: ಅಲ್ಲಿ ಎಲ್ಲರಿಗೂ ಮಗು ಆಗಿಯೇ ಇರುತ್ತದೆ, ಆಡ್ಸ್ ರೇಷಿಯೋ ಸುಳ್ಳು ಸುಳ್ಳೇ ಉಬ್ಬುತ್ತದೆ. ಇನ್ನು ನೆನಪಿನ ತೊಂದರೆ. ರೋಗ ಬಂದವರು ತಮ್ಮ ಹಿಂದಿನದನ್ನು ಹೆಚ್ಚು ಕೆದಕಿ ನೋಡುತ್ತಾರೆ. ಎರಡೂ ಗುಂಪು ಆಸ್ಪತ್ರೆಯವರೇ ಆಗಿದ್ದರೆ ಈ ತೊಂದರೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಇಷ್ಟೆಲ್ಲ ಇದ್ದೂ ಈ ವಿಧಾನ ಯಾಕೆ ಬೇಕು ಎನ್ನುವವರಿಗೆ 1971ರ ಬೋಸ್ಟನ್ ಅಧ್ಯಯನ ಸಾಕು. ಹದಿಹರೆಯದ, ಆಗಷ್ಟೇ ಇಪ್ಪತ್ತು ದಾಟಿದ ಹುಡುಗಿಯರಲ್ಲಿ ಯೋನಿಯ ಅತಿ ಅಪರೂಪದ ಕ್ಯಾನ್ಸರ್ ಕಂಡಾಗ ಆರ್ಥರ್ ಹರ್ಬ್ಸ್ಟ್ ಮತ್ತು ಸಂಗಡಿಗರು 8 ರೋಗಿಗಳಿಗೆ ತಲಾ 4ರಂತೆ 32 ಕಂಟ್ರೋಲ್ ಹಿಡಿದರು. ರೋಗಿಗಳಲ್ಲಿ 7 ಮಂದಿಯ ತಾಯಂದಿರು ಬಸಿರಿನಲ್ಲಿ ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಹಾರ್ಮೋನ್ ಮಾತ್ರೆ ನುಂಗಿದ್ದರು. ಕಂಟ್ರೋಲ್‌ಗಳ ತಾಯಂದಿರಲ್ಲಿ ಒಬ್ಬರೂ ಇಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಆದದ್ದು ಹದಿನೈದು ಇಪ್ಪತ್ತು ವರ್ಷದ ನಂತರ ಕಾಣಿಸಿಕೊಳ್ಳುವಾಗ, ಅದೂ ಇಷ್ಟು ಅಪರೂಪಕ್ಕೆ, ಕೋಹಾರ್ಟ್ ಕಟ್ಟಿ ಕಾಯುತ್ತ ಕೂತಿದ್ದರೆ ಅಷ್ಟರಲ್ಲಿ ಇನ್ನೆಷ್ಟು ಬಸುರಿಯರು ಅದೇ ಮಾತ್ರೆ ನುಂಗುತ್ತಿದ್ದರೋ.

ಮೊಲೆಯೂಡಿಕೆ ಮತ್ತು ಶೇ. 4.3

ಲೇನ್-ಕ್ಲೇಪನ್ 1929ರಲ್ಲಿ ಮದುವೆಯಾದರು, ಸಂಶೋಧನೆ ಅಲ್ಲಿಗೆ ನಿಂತಿತು. ಮದುವೆಯಾದ ಹೆಣ್ಣುಮಕ್ಕಳಿಗೆ ಸರ್ಕಾರಿ ಕೆಲಸದಲ್ಲಿ ಜಾಗವಿಲ್ಲದ ಕಾಲ ಅದು. ಆಮೇಲೆ ಅವರು 1967ರವರೆಗೆ ಬದುಕಿದ್ದರು. ಅಷ್ಟು ವರ್ಷಗಳ ಕೆಲಸ ನಮಗೆ ಸಿಗದೇ ಹೋಯಿತು ಎಂದು ನಿಜವಾಗಿ ಬೇಸರವಾಗುತ್ತದೆ.

ಅವರು ಎತ್ತಿದ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 2002ರಲ್ಲಿ, 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿದಾಗ. ರೋಗಿಗಳು 50,302, ಕಂಟ್ರೋಲ್‌ಗಳು 96,973. ಪ್ರತಿ 12 ತಿಂಗಳ ಮೊಲೆಯೂಡಿಕೆಗೆ ಸ್ತನ ಕ್ಯಾನ್ಸರ್‌ನ ರಿಲೇಟಿವ್ ರಿಸ್ಕ್ ಶೇ. 4.3 ಇಳಿಯುತ್ತದೆ, ಅದರ ಜೊತೆಗೆ ಪ್ರತಿ ಹೆರಿಗೆಗೆ ಶೇ. 7.0 ಇಳಿಯುತ್ತದೆ. ಇಲ್ಲಿ ಎರಡು ಎಚ್ಚರ. ಮೊದಲನೆಯದು, ಎರಡು ವರ್ಷ ಅಂದರೆ 4.3ನ್ನು ಎರಡು ಸಲ ಕೂಡುವುದಲ್ಲ, 0.957ನ್ನು 0.957ರಿಂದ ಗುಣಿಸಿದರೆ 0.916, ಅಂದರೆ ಸುಮಾರು ಶೇ. 8.4 ಇಳಿಕೆ. ಎರಡನೆಯದು ಮುಖ್ಯ: ಇದು ನೂರು ಮಹಿಳೆಯರಲ್ಲಿ ನಾಲ್ವರು ಬಚಾವಾದರು ಎಂಬ ಅರ್ಥವಲ್ಲ. ಇರುವ ಅಪಾಯದಲ್ಲಿ ಶೇ. 4.3ರಷ್ಟು ಭಾಗ ಕಡಿಮೆ, ಅಷ್ಟೆ. ಮೊಲೆಯೂಡಿಸಲು ಆಗದ ತಾಯಿಗೆ ಈ ಸಂಖ್ಯೆ ತೋರಿಸಿ ಹೆದರಿಸುವವರು ಇದನ್ನು ತಿಳಿದಿರಬೇಕು.

‘ಇರುವ ಅಪಾಯ’ ಎಷ್ಟು ಎಂಬುದನ್ನು ಕೇಸ್-ಕಂಟ್ರೋಲ್ ಹೇಳಲಾರದು ಎಂದು ಮೇಲೆ ನೋಡಿದೆವು. ಅದಕ್ಕೆ ಒಂದು ಪ್ರದೇಶದ ಎಲ್ಲ ಕ್ಯಾನ್ಸರ್‌ಗಳನ್ನೂ ದಾಖಲಿಸುವ ರಿಜಿಸ್ಟ್ರಿ ಬೇಕು. ಬೆಂಗಳೂರಿನಲ್ಲಿ ಆ ಕೆಲಸವನ್ನು ಕಿದ್ವಾಯಿ ಸಂಸ್ಥೆ 1982ರಿಂದ ಮಾಡುತ್ತಿದೆ. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮುಂಬೈ, ಚೆನ್ನೈ ಜೊತೆಗೆ ಮೊದಲು ಶುರುವಾದ ಮೂರರಲ್ಲಿ ಇದೂ ಒಂದು. ಆಡ್ಸ್ ರೇಷಿಯೋವನ್ನು ಅಧ್ಯಯನದಿಂದ ತೆಗೆದುಕೊಂಡು, ಲಕ್ಷಕ್ಕೆ ಎಷ್ಟು ಮಂದಿ ಎಂಬುದನ್ನು ರಿಜಿಸ್ಟ್ರಿಯಿಂದ ತೆಗೆದುಕೊಂಡು, ಎರಡನ್ನೂ ಜೊತೆಗಿಟ್ಟು ಲೆಕ್ಕ ಹಾಕಿದಾಗಲೇ ನಮ್ಮೂರಿನ ಒಬ್ಬ ಮಹಿಳೆಗೆ ಆಕೆಯ ಅಪಾಯ ಎಷ್ಟೆಂದು ಹೇಳಲು ಬರುತ್ತದೆ. ಆ ಲೆಕ್ಕ ಹಾಕುವ ರೀತಿಯನ್ನು ಮುಂದಿನ ಟಿಪ್ಪಣಿಯಲ್ಲಿ ಬರೆಯುತ್ತೇನೆ.